ಬಿದ್ದುಹೋದ ಒತ್ತು

ಬ್ರಾಂದಿ ಅಂಗಡಿಯ ಕ್ಯೂನಲ್ಲಿ ನಿಂತೇ ಪ್ರೂಫ್ ರೀಡರ್ ಮೊಬೈಲಿನ ಮೇಲೆ ಬೆರಳು ಓಡಿಸಿದ. ‘ಇವತ್ತು ಕುಡಿಯಲ್ಲ’ ಎಂದು ಕಳಿಸಿ, ನೋಡದೆಯೇ ಜೇಬಿಗೆ ಇಳಿಬಿಟ್ಟ. ಕುಡಿತ ಬಿಡುವವರ ವಾಟ್ಸಾಪ್ ಗುಂಪಿಗೆ ಅವನು ದಿನಾ ಸಂಜೆ ಹಾಕುವ ಸುಳ್ಳು ಅದು. ಯಾರೋ ಒಬ್ಬರು ಹೆಬ್ಬೆರಳು ಎತ್ತುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು.

ಇವತ್ತು ಜೇಬು ಸುಮ್ಮನಿರಲಿಲ್ಲ. ಗುಂಯ್ ಎಂದಿತು, ಕ್ಯೂ ಒಂದು ಹೆಜ್ಜೆ ಸರಿಯುವಷ್ಟರಲ್ಲಿ ಮತ್ತೆ ಗುಂಯ್. ಕಿರಿಕಿರಿಯಾಗಿ ತೆಗೆದು ನೋಡಿದ. ‘ಬೇಡ ಕಣೋ’ ಎಂದು ಲಾರಿ ಅಣ್ಣ ಬರೆದಿದ್ದ. ‘ಎಲ್ಲಿದ್ದೀಯಪ್ಪ? ಮೊದಲು ಅಲ್ಲಿಂದ ಈಚೆ ಬಾ’ ಎಂದು ನರ್ಸಕ್ಕ. ಗುಂಪಿನಲ್ಲಿ ಯಾವತ್ತೂ ತುಟಿ ಬಿಚ್ಚದ ಒಬ್ಬರು, ‘ಕೇಳಿದ್ರಲ್ಲ, ಒಳ್ಳೇದಾಯ್ತು. ನಾನು ಯಾರನ್ನೂ ಕೇಳದೇನೇ ಕುಡಿದುಬಿಡ್ತಿದ್ದೆ’ ಎಂದಿದ್ದರು.

ಕೇಳಿದ್ದೇನು? ಮೇಲಕ್ಕೆ ಸರಿಸಿದ. ‘ಇವತ್ತು ಕುಡಿಯಲಾ’ ಎಂದಿತ್ತು. ಅವಸರದಲ್ಲಿ ಒತ್ತು ಬಿದ್ದುಹೋಗಿ, ಅದರ ಜಾಗದಲ್ಲಿ ದೀರ್ಘ ಬಂದು ಕೂತಿತ್ತು. ಬೇರೆಯವರ ಒತ್ತು, ದೀರ್ಘ ತಿದ್ದಿಯೇ ಹೊಟ್ಟೆ ಹೊರೆಯುವವನಿಗೆ ಮೈಯೆಲ್ಲ ಉರಿದುಹೋಯಿತು. ಥಟ್ಟನೆ ತಿದ್ದಲು ಆ ಸಾಲಿನ ಮೇಲೆ ಬೆರಳು ಒತ್ತಿ ಹಿಡಿದ. ಅಷ್ಟರಲ್ಲಿ ಲಾರಿ ಅಣ್ಣನ ಕರೆ ಬಂತು, ನಿಂತಿತು, ಮತ್ತೆ ಬಂತು.

“ಯಾವ್ದು ಕೊಡ್ಲಿ ಸಾರ್? ಬೇಗ ಹೇಳಿ,” ಎಂದ ಕಿಟಕಿಯೊಳಗಿನವನು.

“ಒಂದ್ನಿಮಿಷ ಇರಪ್ಪ, ಇಲ್ಲೊಂದು ತಪ್ಪಿದೆ.”

ಕರೆ ನಿಂತ ಮೇಲೆ ಪ್ರೂಫ್ ರೀಡರ್ ತಿದ್ದಿದ. ಒತ್ತು ಹಾಕಲಿಲ್ಲ. ಸಾಲಿನ ಕೊನೆಗೆ ಬಿಟ್ಟುಹೋಗಿದ್ದ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹಿಂದಿನವನಿಗೆ ಜಾಗ ಬಿಟ್ಟ.