ಏಳು ದಿನದ ಕಾವಲು

ಮೇಸ್ತ್ರಿ ಉಸೇನೆ ಹತ್ತಿ ಬೀಜದ ಚೀಲವನ್ನು ಯಾರ ಕೈಗೂ ಕೊಡಲಿಲ್ಲ. ಕಂಪನಿಯ ಉಗ್ರಾಣದಿಂದ ಎರಡು ದಿನದ ದಾರಿ ಅದನ್ನು ಒಬ್ಬನೇ ಹೊತ್ತು ತಂದಿದ್ದ. ಮುವನಾಶಾ ಕೈಚಾಚಿದಾಗ ಚಾಟಿಯ ಹಿಡಿಯಿಂದ ಅವಳ ಮಣಿಕಟ್ಟಿಗೆ ಬಡಿದ.

"ಮುಟ್ಟಬೇಡ! ಈ ಸಲ ಒಂದು ಕಾಳೂ ನಿಮ್ಮ ಹೆಂಗಸರ ಕೈಗೆ ಸಿಗಲ್ಲ."

ನಾಲ್ವರು ಹೊತ್ತ ಮೇನೆಯಲ್ಲಿ ಕುಳಿತಿದ್ದ ಕಂಪನಿಯ ಪೋರ್ಚುಗೀಸ್ ದೊರೆ ಮೆಚ್ಚಿ ತಲೆಯಾಡಿಸಿದ.

ಎರಡು ವರ್ಷದಿಂದ ಆ ಊರಿನಲ್ಲಿ ಹತ್ತಿ ಮೊಳೆತಿರಲಿಲ್ಲ. ಮಣ್ಣೇ ಹತ್ತಿಗೆ ಒಗ್ಗದು ಎಂದು ಊರವರು ಹೇಳುತ್ತಿದ್ದರು. ದೊರೆ ನಂಬಲಿಲ್ಲ. ಊರಿನಲ್ಲೇ ಒಳ್ಳೆಯದೆನಿಸಿದ ಮುವನಾಶಾಳ ಹೊಲವನ್ನು ಪರೀಕ್ಷೆಗೆ ಆರಿಸಿದ. ತನ್ನ ಮೇಸ್ತ್ರಿ ಉಸೇನೆಯೇ ಬಿತ್ತಬೇಕು, ಏಳು ದಿನ ಅವನೇ ಕಾಯಬೇಕು. ಏಳನೆಯ ದಿನ ಮೊಳಕೆ ಕಂಡರೆ ಊರು ಸುಳ್ಳು ಹೇಳಿದೆಯೆಂದು ಅರ್ಥ. ಆಗ ಗಂಡಸರೆಲ್ಲ ಕಡಲಾಚೆಯ ದ್ವೀಪದ ಕೋಕೋ ತೋಟಕ್ಕೆ ಹೋಗಬೇಕು. ಅಲ್ಲಿಗೆ ಹೋದವರು ಮರಳಿದ್ದನ್ನು ಯಾರೂ ಕಂಡಿರಲಿಲ್ಲ. ಮುವನಾಶಾಳಿಗೆ ಉಳಿದಿದ್ದವನು ಒಬ್ಬನೇ ಮಗ.

ಊರು ಸುಳ್ಳನ್ನೇ ಹೇಳಿತ್ತು. ಹೆಂಗಸರು ಕಂಪನಿ ಕೊಟ್ಟ ಬೀಜವನ್ನು ಕುದಿಸಿ, ಒಣಗಿಸಿ, ಆಮೇಲೆ ವಿಧೇಯರಾಗಿ ಬಿತ್ತುತ್ತಿದ್ದರು. ಅನ್ನ ಬೆಳೆಯುವ ನೆಲದಲ್ಲಿ ಅನ್ಯರ ಅಂಗಿಗೆ ನೂಲು ಬೆಳೆಯಿರೆಂದು ಆಜ್ಞಾಪಿಸುವ ಕಾನೂನಿಗೆ ಅದಕ್ಕಿಂತ ಸತ್ಯವಾದ ಉತ್ತರ ಇನ್ನಾವುದಿದ್ದೀತು? ನದಿಯಾಚೆಯ ಕಂಪನಿ ಹೊಲದಲ್ಲಿ ಬಿಟ್ಟಿ ಕಳೆ ಕೀಳುತ್ತಿದ್ದ ವರ್ಷ, ಕಹಿ ಮರಗೆಣಸನ್ನು ನಾಲ್ಕು ದಿನ ನೆನೆಸಿ ಅದರ ವಿಷ ಕಳೆಯುವಷ್ಟು ಪುರುಸೊತ್ತೂ ಮುವನಾಶಾಳಿಗೆ ಸಿಕ್ಕಿರಲಿಲ್ಲ. ಹಸಿದ ಮಗಳು ನೆನೆಯದ ಗೆಣಸನ್ನೇ ಬೇಯಿಸಿ ತಿಂದಳು. ಸಂಜೆಯೊಳಗೆ ಸತ್ತಳು. ಕಂಪನಿಯವರು ಜ್ವರವೆಂದು ಬರೆದುಕೊಂಡರು.

ಕಳೆದ ಬಾರಿಯ ಬೆಂದ ಬೀಜ ಒಂದಿಷ್ಟು ಅವಳ ಸೂರಿನಲ್ಲಿ ಅಡಗಿತ್ತು. ಉಸೇನೆ ಬಿತ್ತಿದ್ದನ್ನು ಕೆದಕಿ ತೆಗೆದು ಇದನ್ನು ಹೂಳಲು ಅವಳಿಗೆ ಒಂದು ಮಧ್ಯಾಹ್ನ ಸಾಕಿತ್ತು. ಆದರೆ ಉಸೇನೆ ಗೋಡಂಬಿ ಮರದ ಕೆಳಗಿನಿಂದ ಕದಲಲಿಲ್ಲ. ನೀರು ಹೊಯ್ಯಲೂ ಹೊಲದಂಚು ದಾಟಲಿಲ್ಲ.

"ಏನಪ್ಪಾ, ನೆಲ ಎದ್ದು ಓಡಿಹೋಗ್ತದಾ?" ಎರಡನೆಯ ದಿನ ಊಟ ತಂದಾಗ ಕೇಳಿದಳು.

"ನೆಲ ಎಲ್ಲೂ ಓಡಲ್ಲಕ್ಕ. ಓಡೋದು ಜನರ ನಾಲಿಗೆ."

"ನಮ್ಮೋನಾಗಿ ಬಿಳಿಯನ ನಾಯಿ ಆದೆಯಲ್ಲೋ! ಹೆತ್ತವಳು ಕಂಡಿದ್ರೆ ಏನಂತಿದ್ಲು?"

ಅವನು ನಕ್ಕ. "ಬಯ್ಯಿ. ಊರಿಗೆಲ್ಲ ಕೇಳೋ ಹಂಗೆ ಬಯ್ಯಿ."

ಮೂರನೆಯ ದಿನ ಮಳೆ ಹದವಾಗಿ ಸುರಿಯಿತು. ಮೊಳಕೆಗೆ ಅದಕ್ಕಿಂತ ಒಳ್ಳೆಯ ಮಳೆ ಇರಲಿಲ್ಲ. ಮುವನಾಶಾ ಅವನ ಮುಂದೆ ಮಂಡಿಯೂರಿದಳು. ಕಾಲು ಹಿಡಿದಾದರೂ ಮಗನನ್ನು ಉಳಿಸಿಕೊಳ್ಳಬೇಕಿತ್ತು.

"ತಮ್ಮಾ, ನಿಂಗೊಂದು ಮಾತು ಹೇಳಬೇಕು."

"ಬೇಡ." ಅವನ ಮುಖ ಕಲ್ಲಾಯಿತು. "ಚಾಟಿ ಬಿದ್ರೆ ಎಂಥ ಬಾಯೂ ತೆರೀತದೆ. ನಿಂದೂ, ನಂದೂ. ಏಳು ದಿನ ಸುಮ್ನಿರು."

ಅವಳು ಎದ್ದಳು. ಇನ್ನು ಬೇಡುವುದು ಉಳಿದಿರಲಿಲ್ಲ.

ನಾಲ್ಕನೆಯ ಮಧ್ಯಾಹ್ನ ಅವಳು ತಂದ ಮುದ್ದೆ ಆಗತಾನೆ ಅಗೆದ ಮರಗೆಣಸಿನದು. ಮೇಲೆ ಧಾರಾಳವಾಗಿ ಕಡಲೆಕಾಯಿಯ ಗೊಜ್ಜು. ಅವನು ಎರಡು ತುತ್ತು ನುಂಗಿ ತಲೆಯೆತ್ತಿದ.

"ಕಹಿ ಅದೆಯಲ್ಲಕ್ಕ?"

"ನಿಮ್ಮ ದೊರೆ ಹತ್ತಿ ಅಂತ ಓಡಾಡಿಸಿದ್ರೆ ನೆನೆಸೋಕೆ ಪುರುಸೊತ್ತೆಲ್ಲಿ?"

ಅವನು ಇನ್ನೊಂದು ತುತ್ತನ್ನು ಗೊಜ್ಜಿನಲ್ಲಿ ಹೊರಳಿಸಿದ. "ನಮ್ಮವ್ವನೂ ಹಿಂಗೇ ಅಂತಿದ್ಲು," ಎಂದು, ಮಿಕ್ಕಿದ್ದನ್ನೆಲ್ಲ ಉಂಡ.

ನೆರಳು ಉದ್ದವಾಗುವ ಮೊದಲೇ ಅವನ ಕೈಕಾಲು ಸೆಟೆದವು. ಒಮ್ಮೆ ಹೊಲದ ಕಡೆ ಕೈಯೆತ್ತಿ ಏನೋ ಹೇಳಲು ಹೊರಟ. ಮುವನಾಶಾ ಮುಖ ತಿರುಗಿಸಿ ನಿಂತಳು. ಉಸಿರು ನಿಂತಾಗ ಅವಳ ಮನಸ್ಸಿನಲ್ಲಿ ಅಳುಕಿರಲಿಲ್ಲ. ಹಸಿವಿನ ವರ್ಷ, ಹೀಗೆ ಸತ್ತವರು ಎಷ್ಟೋ ಮಂದಿ. ಬಿಳಿಯರ ಕಾನೂನು ತನ್ನ ಮಗಳಿಗೆ ಉಣಿಸಿದ್ದನ್ನೇ ತಾನು ಆ ಕಾನೂನಿನ ಕಾವಲಿನವನಿಗೆ ಉಣಿಸಿದ್ದಳು.

ಅವಳು ಸೂರಿನಿಂದ ಗಂಟು ಇಳಿಸಿ ತಂದು, ಮೊದಲ ಸಾಲಿನ ಬುಡದಲ್ಲಿ ಕೂತು, ಒದ್ದೆ ಮಣ್ಣಿಗೆ ಬೆರಳಿಳಿಸಿದಳು. ಬಿಳಿ ಬೇರು ಇಣುಕಿರಬೇಕಿತ್ತು. ಬೀಜ ಅವಳ ಬೆರಳುಗಳ ನಡುವೆ ಬೇಳೆಯಂತೆ ಹಿಸುಕಿಹೋಯಿತು. ಇನ್ನೊಂದನ್ನು ತೆಗೆದಳು. ಮತ್ತೊಂದನ್ನು. ಗಂಟು ಅಲ್ಲೇ ಬಿಟ್ಟು, ಮಂಡಿಯ ಮೇಲೆ ತೆವಳುತ್ತ, ಎರಡೂ ಕೈಗಳಿಂದ ಸಾಲು ಸಾಲನ್ನೇ ಕೆದಕಿದಳು.

ಉಸೇನೆ ಒಬ್ಬನೇ ಹೊತ್ತು ತಂದು ಬಿತ್ತಿದ್ದ ಬೀಜವೆಲ್ಲ ಮೊದಲೇ ಬೆಂದಿತ್ತು.