ಸೈಜು ತಪ್ಪಿದ ಚಕ್ರ

ಕಾಡಿನೊಳಗಿನ ಹಾಡಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕಿ ನರ್ಸ್ ಫಿಲೋಮಿನಾ ಹಿಂದಿರುಗುವಾಗ ಮಬ್ಬುಗತ್ತಲಾಗಿತ್ತು. ತೆರೆದ ಜೀಪಿನ ಹಿಂಬದಿಯಿಂದ ಗುರ್ ಎನ್ನುವ ಸದ್ದು ಬಿಡದೆ ಬರುತ್ತಿತ್ತು.

"ಮಾದಣ್ಣಾ, ಹುಲಿ!" ಆಕೆ ಡ್ರೈವರನ ತೋಳು ಹಿಡಿದಳು.

"ಹುಲಿಯಲ್ಲ ಸಿಸ್ಟರ್, ಡಿಫರೆನ್ಶಿಯಲ್ಲು, ಹಿಂದಿನ ಚಕ್ರಗಳ ನಡುವಿನ ಗೇರು ಡಬ್ಬಿ. ಬೆಳಿಗ್ಗೆ ಪಂಕ್ಚರ್ ಆಯ್ತಲ್ಲ, ಹಿಂದಿನ ಚಕ್ರಕ್ಕೆ ಬೇರೆ ಗಾಡಿ ಟೈರ್ ಹಾಕ್ದೆ. ಅದು ಒಂಚೂರು ಚಿಕ್ಕದು. ಎರಡೂ ಚಕ್ರ ಒಂದೇ ಸಮ ತಿರುಗಲ್ಲ, ಒಳಗೆ ಪ್ಲೇಟುಗಳು ಉಜ್ಜಾಡ್ತವೆ."

"ನಿಜವಾಗ್ಲೂ ಗಾಡಿದೇ ಸದ್ದಾ?"

"ಗಾಡಿ ನಿಂತ್ರೆ ಅದೂ ನಿಲ್ತದೆ. ಬೇಕಾದ್ರೆ ನೋಡಿ."

ಮಾದಣ್ಣ ನಗುತ್ತಲೇ ಬ್ರೇಕ್ ಒತ್ತಿದ, ಇಂಜಿನ್ ಆರಿಸಿದ, ಡಿಫರೆನ್ಶಿಯಲ್ ಎಷ್ಟು ಕಾದಿದೆಯೆಂದು ಮುಟ್ಟಿ ನೋಡಲು ಕೆಳಗಿಳಿದು ಹಿಂದಕ್ಕೆ ಹೋದ.

ಚಕ್ರಗಳು ನಿಂತಿದ್ದವು. ಸದ್ದು ನಿಂತಿರಲಿಲ್ಲ.