ನೆಲ್ಲಿರಸದ ಬಿಂದಿಗೆ

ಈ ಸಲ ಕೆರಿಯಮ್ಮ ಕಾರಿಕೊಂಡಿದ್ದು ಹಸಿರಾಗಿತ್ತು. ಬೇಸನ್ನು ಹಿಡಿದು ಕೂತಿದ್ದ ಸೊಸೆ ಲಕ್ಷ್ಮೀ ಗಾಬರಿಯಿಂದ ಗಂಡನ ಮುಖ ನೋಡಿದಳು. "ತೀರ್ಥಹಳ್ಳಿ ಆಸ್ಪತ್ರೆಗೆ ಕರ್ಕಂಡು ಹೋಗಣ ಕಣ್ರೀ. ನಂಗ್ಯಾಕೋ ಹೆದರಿಕೆ ಆಗ್ತದೆ."

ರಾಮಚಂದ್ರಪ್ಪ ಬಗ್ಗಿ ನೋಡಿದ. ಅವನು ಕೋಣಂದೂರಿನಲ್ಲಿ ವಿಜ್ಞಾನದ ಮೇಷ್ಟ್ರು. ಕಣ್ಣಾರೆ ನೋಡದೆ ಯಾವುದನ್ನೂ ನಂಬುವವನಲ್ಲ. "ಪಿತ್ತ ಕಣೇ. ಇಷ್ಟು ದಿನ ಒಳಗೆ ಕೂತಿದ್ದು ಈಗ ಹೊರಗೆ ಬೀಳ್ತಿದೆ," ಅಂದ.

"ಹಂಗೇ ಮತ್ತೆ," ಬಾಗಿಲ ಬುಡದಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಪಕ್ಕದ ಮನೆ ಹಾಲಮ್ಮ ದನಿಗೂಡಿಸಿದಳು. "ಪಿತ್ತ ಬಿದ್ದಷ್ಟೂ ಒಳ್ಳೇದು ಮೇಷ್ಟ್ರೇ. ನಮ್ಮನೆಯವರಿಗೆ ಒಂದು ಸಲ ಹಿಂಗೆ ಬಿದ್ದಿದ್ರೆ ನಾನೂ ಸುಖವಾಗಿರ್ತಿದ್ದೆ." ಮಲಗಿದಲ್ಲೇ ಕೆರಿಯಮ್ಮನಿಗೂ ನಗು ಬಂತು. ನಕ್ಕಿದ್ದಕ್ಕೇ ಮತ್ತೆ ಓಕರಿಕೆ ಬಂತು.

ವಿಷಮಜ್ವರದಿಂದ ಎದ್ದ ತಾಯಿ ಚೇತರಿಸಿಕೊಳ್ಳಲೇ ಇಲ್ಲವಲ್ಲ ಎಂದು ನೆಲ್ಲಿರಸ ಶುರುಮಾಡಿದವನು ರಾಮಚಂದ್ರಪ್ಪನೇ. ಬೇಸಿಗೆ ರಜೆಯ ತರಬೇತಿಯಲ್ಲಿ ಆಂಟಿಆಕ್ಸಿಡೆಂಟ್ ಎಂಬ ಮಾತು ಕೇಳಿ ಬಂದಿದ್ದ. ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ ದೇಹವೂ ಒಳಗೊಳಗೇ ಆಮ್ಲಜನಕದಿಂದ ಸವೆಯುತ್ತದಂತೆ; ಅದನ್ನು ತಡೆಯುವ ಸತ್ವ ಗಿಡಮರಗಳಲ್ಲಿದೆ, ನೆಲ್ಲಿಕಾಯಿಯಲ್ಲಂತೂ ಧಾರಾಳ. ಬದನೆಕಾಯಿಯನ್ನು ಹೋಳು ಮಾಡಿ, ಒಂದಕ್ಕೆ ರಸ ಸವರಿ, ಇನ್ನೊಂದನ್ನು ಹಾಗೇ ಬಿಟ್ಟು ತಾಯಿಗೆ ತೋರಿಸಿದ. ಬರಿಯ ಹೋಳು ಕಪ್ಪಾಯಿತು, ಸವರಿದ್ದು ಬೆಳ್ಳಗೇ ಉಳಿಯಿತು. "ನಾನೇನು ಬದನೆಕಾಯಾ?" ಎಂದಿದ್ದಳು ಕೆರಿಯಮ್ಮ. ಕೊನೆಗೆ ಮಗನ ಹಟಕ್ಕೆ ಮಣಿದರೂ ಒಂದು ಷರತ್ತು ಹಾಕಿದಳು: "ನಿನ್ ಸ್ಟೀಲು, ಗಾಜು ಎಲ್ಲ ಬ್ಯಾಡ. ನಮ್ಮಪ್ಪ ಮದುವೇಲಿ ಕೊಟ್ಟ ತಾಮ್ರದ ಬಿಂದಿಗೆಲಿ ಇಟ್ಟು ಕೊಡೋದಾದ್ರೆ ಕುಡೀತೀನಿ." ಕೈ ಹೋಗದಷ್ಟು ಸಣ್ಣ ಕಂಠದ, ನಗರದ ಕಡೆಯ ತವರಿನಿಂದ ಅವಳ ಜೊತೆಗೇ ಬಂದ ಬಿಂದಿಗೆ ಅದು. ತಾಮ್ರದಲ್ಲಿಟ್ಟ ನೀರು ಒಳ್ಳೆಯದೆಂದು ಊರೆಲ್ಲ ಹೇಳುತ್ತದೆ. ಅವ್ವ ಕುಡಿದರೆ ಸಾಕಾಗಿತ್ತು ಅವನಿಗೆ. ಹೂಂ ಅಂದಿದ್ದ.

"ನಾಲಿಗೆ ಮೇಲೆ ಹಳೇ ಕಾಸು ಇಟ್ಟಂಗೆ ಆಗ್ತದಲ್ಲಾ ಮಗಾ," ಎಂದು ಅವಳು ಒಮ್ಮೆ ಹೇಳಿದ್ದೂ ಉಂಟು.

"ನೆಲ್ಲಿಕಾಯಿ ಅಂದ್ಮೇಲೆ ಒಗರು ಇರದೆ ಇರ್ತದಾ? ಆ ಒಗರಲ್ಲೇ ಗುಣ ಇರೋದು."

"ಹಂಗಾರೆ ಸರಿ. ಓದಿದವನು ನೀನು," ಎಂದು ಕಣ್ಣು ಮುಚ್ಚಿ ಕುಡಿದಿದ್ದಳು. ವಾಂತಿ ಹೆಚ್ಚಾದ ಮೇಲೆ, ಪಿತ್ತವೆಲ್ಲ ಹೋಗಲೆಂದು, ಅವನು ದಿನದ ಅರ್ಧ ಲೋಟವನ್ನು ಪೂರ್ತಿ ಲೋಟ ಮಾಡಿದ್ದ.

ಅಂದು ಮಧ್ಯಾಹ್ನ ಹಿತ್ತಲಿನಿಂದ ಲಕ್ಷ್ಮೀ ಕೂಗಿದಳು. ನಾಳೆ ಅಮಾವಾಸ್ಯೆ, ಬಚ್ಚಲಿನ ತಾಮ್ರದ ಹಂಡೆಯನ್ನು ಹೊರಗೆ ಉರುಳಿಸಿಕೊಂಡು ತಿಕ್ಕುತ್ತಿದ್ದಳು. ಅವಳ ಕೈಯಲ್ಲಿ ಯಾವತ್ತಿನ ಹುಣಸೆಹಣ್ಣು ಇರಲಿಲ್ಲ.

"ನೋಡಿ ಬನ್ನಿ ಇಲ್ಲಿ! ನೀವು ರಸ ಹಿಂಡಿ ಬಿಸಾಕಿದ ನೆಲ್ಲಿ ಚರಟ ಇದು. ತಿಕ್ಕೋದೇ ಬ್ಯಾಡ. ಸವರಿಟ್ಟು ಕಾಫಿ ಕುಡಿದು ಬರೋ ಹೊತ್ತಿಗೆ ಕಿಲುಬೆಲ್ಲ ತಾನೇ ಕಿತ್ಕಂಡು ಬಂತು. ಅಂತೂ ನಿಮ್ಮ ಸೈನ್ಸಿನಿಂದ ನಂಗೂ ಒಂದು ಉಪಕಾರ ಆಯ್ತು ಮಾರಾಯ್ರೇ!"

ಅವನು ನಗಲೆಂದು ಬಾಯಿ ತೆರೆದ. ಹಂಡೆಯ ಮೈಯಿಂದ ಇಳಿದ ನೀರು ಕಲ್ಲುಚಪ್ಪಡಿಯ ಮೇಲೆ ಹರಿಯುತ್ತಿತ್ತು. ಹಸಿರು ನೀರು. ಬರಿಯ ಹಸಿರಲ್ಲ, ನೀಲಿ ಬೆರೆತ ಹಸಿರು. ಬೆಳಿಗ್ಗೆ ಬೇಸನ್ನಿನಲ್ಲಿ ಬಗ್ಗಿ ನೋಡಿದ್ದು ಇದೇ ಬಣ್ಣ.

ಹುಳಿ ತಾಮ್ರವನ್ನು ಕರಗಿಸುತ್ತದೆ, ಕರಗಿದ ತಾಮ್ರ ಹೊಟ್ಟೆಗೆ ಹೋದರೆ ವಿಷ. ಬೋರ್ಡಿನ ಮೇಲೆ ಬರೆದು ಬರೆದು ಅವನ ಕೈಗೆ ಬಾಯಿಪಾಠವಾಗಿದ್ದ ಮಾತು. ನೆಲ್ಲಿಯ ಸತ್ವವೂ ತಾಮ್ರದ ಸಂಗದಲ್ಲಿ ಬಾಳುವುದಿಲ್ಲ. ಹಾಗಾದರೆ ಅವ್ವನ ಲೋಟದಲ್ಲಿ ಮದ್ದು ಸತ್ತು ಕಿಲುಬಷ್ಟೇ ಬದುಕಿತ್ತು. ಅದನ್ನು ಅವನು ಅರ್ಧದಿಂದ ಪೂರ್ತಿಗೆ ಏರಿಸಿದ್ದ.

"ಎಂತಾಯ್ತು? ಮುಖ ಯಾಕೆ ಹಂಗಾಯ್ತು ನಿಮ್ದು?"

"ವಾಸಪ್ಪನ ಜೀಪಿಗೆ ಹೇಳು. ಓಡು! ಅವ್ವನ್ನ ಈಗ್ಲೇ ಆಸ್ಪತ್ರೆಗೆ ಸೇರಿಸ್ಬೇಕು."

ಅವಳು ಕೈ ತೊಳೆಯದೆ ಓಡಿದಳು. ಅವನು ಅಡುಗೆಮನೆಗೆ ನುಗ್ಗಿ, ಡಾಕ್ಟರಿಗೆ ತೋರಿಸಲು ಒಂದು ಸೀಸೆಯಷ್ಟು ಉಳಿಸಿಕೊಂಡು, ಮಿಕ್ಕ ರಸವನ್ನೆಲ್ಲ ಬಚ್ಚಲಿಗೆ ಸುರಿದ. ಬರಿದಾದ ಬಿಂದಿಗೆ ಕೈಯಲ್ಲಿರುವಾಗಲೇ ತಾಯಿಯ ಕೋಣೆಗೆ ಬಂದ. "ಅವ್ವಾ, ಏಳು. ತೀರ್ಥಹಳ್ಳಿಗೆ ಹೋಗಣ."

ಕೆರಿಯಮ್ಮ ಕಣ್ಣು ಬಿಟ್ಟಳು. ಬಿಳಿಯಿರಬೇಕಾದಲ್ಲಿ ಅರಿಸಿನ ಕದಡಿದ ಹಾಗಿತ್ತು. ಅವನನ್ನು ಹಿಡಿದು ಎದ್ದು ಕೂತಾಗ ಬಿಂದಿಗೆ ಅವಳ ಮಡಿಲಿಗೆ ವಾಲಿತು. ಸೂರಿನ ಗಾಜಿನ ಹೆಂಚಿನಿಂದ ಇಳಿದ ಬಿಸಿಲು ನೇರ ಅದರ ಕಂಠದೊಳಗೆ ಬಿತ್ತು. ಒಳಗಿನಿಂದ ಕೆಂಪು ಬೆಳಕೊಂದು ಎದ್ದು ಅವಳ ಬತ್ತಿದ ಮುಖದ ಮೇಲೆ ಆಡಿತು.

"ಅಯ್ಯಯ್ಯ, ಏನ್ ಚಂದಾಗಿದೆ! ಮದುವೇಲಿ ತಂದಾಗ ಒಳಗೆಲ್ಲ ಹಿಂಗೇ ಫಳಫಳ ಅಂತಿತ್ತು."

ಬೆರಳು ಜೋಡಿಸಿ ಕಂಠದೊಳಗೆ ತೂರಿಸಿದಳು. ಗೆಣ್ಣಿನ ಹತ್ತಿರ ಕೈ ಸಿಕ್ಕಿಕೊಂಡಿತು. ಅಚ್ಚರಿಯಿಂದ ಮಗನನ್ನು ನೋಡಿದಳು.

"ಯಾರ ಕೈಯೂ ಇದ್ರೊಳಗೆ ಹೋಗಲ್ಲ. ಇಷ್ಟು ಚೆನ್ನಾಗಿ ಯಾರು ತಿಕ್ಕಿದ್ರೋ, ಮಗಾ?"